ಹಳ್ಳದ ಬದಿಯ ತೆರ್ಮೆ ಸೊಪ್ಪು: ಮೂರು ಥರದ ಜರಿ ಇದೆ, ತಿನ್ನೋದು ಯಾವುದು?

ಹೇಮಾವತಿ ದಂಡೆ
ಜೂನ್ 8, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆ ಸಣ್ಣ ಕಾಫಿ ತೋಟ. ತೋಟದ ಕೆಳಗೆ ಒಂದು ಹಳ್ಳ ಇದೆ, ಅದರಾಚೆ ನಮ್ಮದೇ ಎರಡು ಗದ್ದೆ, ಈಗ ಬೀಳು ಬಿದ್ದಿವೆ. ಅಜ್ಜಿ ಇದ್ದಾಗ ಮುಂಗಾರು ಹಿಡಿದ ವಾರಕ್ಕೇ ಆ ಹಳ್ಳದ ಬದಿಯಿಂದ ಮಡಿಲು ತುಂಬ ಜರಿ ಕುಡಿ ಮುರಿದು ತರ್ತಿದ್ರು. ಅವರ ತವರು ಸೋಮವಾರಪೇಟೆ ಕಡೆ, ಹಾಗಾಗಿ ತೆರ್ಮೆ ಅಂತಲೇ ಕರೀತಿದ್ರು. ನಾವು ಮಕ್ಕಳು ಸುರುಳಿ ಬಿಚ್ಚಿ ಆಟ ಆಡಿದ್ದೇ ಹೊರತು, ಗಿಡ ಯಾವುದು ಅಂತ ನೋಡಿ ಇಟ್ಕೊಂಡವರಲ್ಲ.

ಅಮ್ಮ ಕಾಯಿಲೆಯಿಂದ ಎದ್ದು ಒಂದು ತಿಂಗಳಾಯ್ತು. ಬಾಯಿಗೆ ಏನೂ ರುಚಿಸ್ತಿಲ್ಲ. ಮೊನ್ನೆ ತಾನಾಗೇ "ತೆರ್ಮೆ ಪಲ್ಯ ಆದ್ರೆ ಒಂದು ರೊಟ್ಟಿ ತಿಂತೀನಿ" ಅಂದ್ರು. ಇವತ್ತು ಹಳ್ಳಕ್ಕೆ ಇಳಿದೆ. ನೋಡಿದ್ರೆ ಮೂರು ಥರದ ಜರಿ.

ಒಂದನೇದು ಸೊಂಟದುದ್ದ, ನೀರಿಗೆ ಅಂಟಿಕೊಂಡ ಹಾಗೇ ಬೆಳೆದಿದೆ, ಎಲೆ ಎರಡೆರಡು ಸಲ ಸೀಳಿದ ಹಾಗಿದೆ, ಬುಡ ಕಪ್ಪು. ಇದು ಬರೀ ಒಂದೇ ಒಂದು ಮೆಳೆ, ಪಂಪ್‌ಮನೆ ಹಿಂದೆ. ಎರಡನೇದು ಮೊಣಕಾಲುದ್ದ, ಎಲ್ಲೆಲ್ಲೂ ಇದೆ, ಮುಟ್ಟಿದ್ರೆ ಮೆತ್ತಗೆ ರೋಮ. ಮೂರನೇದು ಹಳ್ಳದಲ್ಲಲ್ಲ, ಮೇಲೆ ರಸ್ತೆಗೆ ಅಗೆದ ಬರೆಯಲ್ಲಿ ಕವಲು ಕವಲಾಗಿ ಹಬ್ಬಿದೆ.

ಪೇಟೆಯಲ್ಲಿ ಒಬ್ಬರನ್ನ ಕೇಳಿದ್ರೆ "ಜರಿಗಿಡ ತಿಂದ್ರೆ ಕ್ಯಾನ್ಸರ್ ಬರುತ್ತೆ, ಆ ಕಡೆ ತಲೆನೇ ಹಾಕ್ಬೇಡಿ" ಅಂದ್ರು. ಅಮ್ಮನ ವಿಷಯ ಆದ್ದರಿಂದ ಅಂದಾಜಿನ ಮೇಲೆ ಏನೂ ಮಾಡಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.


ಬಿಸಿಲೆ ಕಡೆಯವ
ಜೂನ್ 8, ರಾತ್ರಿ 9:45

ಒಂದನೇದೇ ಇರಬೇಕು. ನಮ್ಮಲ್ಲಿ ಗದ್ದೆ ಕೋಡಿ ಹತ್ತಿರ, ತೋಡಿನ ಅಂಚಲ್ಲಿ ಮೊದಲ ಮಳೆಗೆ ಏಳುತ್ತೆ. ಬೆರಳಲ್ಲಿ ಬಾಗಿಸಿದ್ರೆ ಬೀನ್ಸ್ ಮುರಿದ ಹಾಗೆ ಪಟ್ ಅನ್ನುತ್ತೆ. ಬಾಗಿ ಬಾಗಿ ನಾರು ಬಂತು ಅಂದ್ರೆ ಬಲಿತಿದೆ, ಬಿಟ್ಟುಬಿಡಿ.

ಬೆಳಿಗ್ಗೆ ಹೊತ್ತು ಒಬ್ಬರೇ ಹಳ್ಳಕ್ಕೆ ಇಳೀಬೇಡಿ. ಹಾನುಬಾಳು ಕಡೆ ಆನೆ ಓಡಾಟ ಇದ್ದೇ ಇದೆ.


ಬಾಟನಿ ಮೇಷ್ಟ್ರು, ಮೂಡಿಗೆರೆ
ಜೂನ್ 8, ರಾತ್ರಿ 10:30

ಬಿಸಿಲೆಯವರು ಹೇಳಿದ್ದು ಸರಿ ಇರಬಹುದು. ಆದ್ರೂ ಎತ್ತರ, ಜಾಗ ನೋಡಿ ಜರಿ ಗುರುತಿಸೋದು ನಂಬೋ ಹಾಗಿಲ್ಲ. ಮೂವತ್ತು ವರ್ಷ ಪಾಠ ಮಾಡಿದವನಾಗಿ ಒಂದು ವಿನಂತಿ: ನಾಳೆ ಮೂರೂ ಗಿಡದ ಒಂದೊಂದು ಬಲಿತ ಎಲೆ ತಂದು ಮಗುಚಿ ನೋಡಿ. ಜರಿಗೆ ಹೂವಿಲ್ಲ, ಕಾಯಿಲ್ಲ. ಅದರ ಗುರುತು ಎಲ್ಲಾ ಎಲೆಯ ಬೆನ್ನಲ್ಲಿದೆ. ಕಂದು ಬಣ್ಣದ ಗುರುತುಗಳು ಕಾಣುತ್ತವೆ, ಅವು ಬೀಜಾಣುಗಳ ಗುಂಪು. ಹುಳು ಹತ್ತಿದೆ, ರೋಗ ಬಂದಿದೆ ಅಂತ ಎಷ್ಟೋ ಜನ ತಪ್ಪು ತಿಳೀತಾರೆ.

ನನಗೆ ಬೇಕಾಗಿರೋದು ಇಷ್ಟು. ಆ ಗುರುತು ಗೆರೆಯಾಗಿದೆಯಾ, ಚುಕ್ಕಿಯಾಗಿದೆಯಾ, ಎಲೆಯ ಅಂಚಿನುದ್ದಕ್ಕೂ ಇದೆಯಾ? ಎಲೆಯ ಮೇಲೆ ರೋಮ ಇದೆಯಾ ಇಲ್ಲವಾ? ತೊಟ್ಟಿನ ಬುಡದಲ್ಲಿ ಇರೋದು ಕೂದಲಾ, ಹೊಟ್ಟಿನ ಥರ ಚಪ್ಪಟೆ ಪದರನಾ? ಕೊನೇದಾಗಿ, ತೊಟ್ಟನ್ನ ಬುಡದ ಹತ್ತಿರ ಬ್ಲೇಡಲ್ಲಿ ಅಡ್ಡ ಕುಯ್ದು ಒಳಗೆ ಏನು ಕಾಣುತ್ತೆ ಅಂತ ಬರೀರಿ.

ಅಲ್ಲಿವರೆಗೆ ಒಂದು ಕುಡಿನೂ ಒಲೆ ಹತ್ತಿರ ತರಬೇಡಿ.


ಹೇಮಾವತಿ ದಂಡೆ
ಜೂನ್ 9, ಸಂಜೆ 6:20

ಸರ್, ನೀವು ಹೇಳಿದ ಹಾಗೇ ಮಾಡಿದೆ. ಮಳೆ ಒಂದು ಗಂಟೆ ಬಿಟ್ಟಿತ್ತು, ಇಂಬಳಕ್ಕೆ ಉಪ್ಪು ಕಟ್ಕೊಂಡು ಹೋಗಿ ಬಂದೆ. ತಮ್ಮನ ಮಗಳ ಶಾಲೆಯ ಭೂತಗನ್ನಡಿ ಇತ್ತು.

ಒಂದನೇ ಗಿಡ: ಎಲೆಯ ಬೆನ್ನಲ್ಲಿ ಸಣ್ಣ ಸಣ್ಣ ಗೆರೆಗಳು, ನರದ ಮೇಲೇ ಕೂತಿವೆ, ಮೀನಿನ ಮುಳ್ಳಿನ ಹಾಗೆ ಎರಡೂ ಕಡೆಗೆ ಓರೆಯಾಗಿ. ರೋಮ ಇಲ್ಲ, ನುಣುಪು. ಬುಡದಲ್ಲಿ ಕಪ್ಪಗೆ ಹೊಟ್ಟಿನ ಥರ ಇದೆ, ಗಾಜಲ್ಲಿ ನೋಡಿದ್ರೆ ಅಂಚಿಗೆ ಗರಗಸದ ಹಲ್ಲು. ಅಡ್ಡ ಕುಯ್ದಾಗ ಒಳಗೆ ಎರಡು ಪಟ್ಟಿ, ಒಂದಕ್ಕೊಂದು ಮುಖ ಮಾಡಿ ನಿಂತ ಹಾಗೆ. ಸ್ವಲ್ಪ ಮೇಲೆ ಕುಯ್ದ್ರೆ ಎರಡೂ ಸೇರಿ ಲಾಳದ ಆಕಾರ.

ಎರಡನೇದು: ಬೆನ್ನಲ್ಲಿ ದುಂಡು ಚುಕ್ಕಿಗಳು, ಸಾಲಾಗಿ. ಎಲೆ ತೊಟ್ಟು ಎಲ್ಲಾ ಕಡೆ ಬಿಳಿ ರೋಮ.

ಮೂರನೇದು: ತೊಟ್ಟು ತಂತಿಯ ಹಾಗೆ ಗಟ್ಟಿ. ಎರಡಾಗಿ ಕವಲೊಡೆದು, ಪ್ರತಿ ಕವಲೂ ಮತ್ತೆ ಎರಡಾಗಿ ಹೋಗುತ್ತೆ. ಕವಲಿನ ಸಂದಿಯಲ್ಲಿ ಒಂದು ಮುಚ್ಚಿದ ಮೊಗ್ಗು.


ಬಾಟನಿ ಮೇಷ್ಟ್ರು, ಮೂಡಿಗೆರೆ
ಜೂನ್ 9, ರಾತ್ರಿ 8:05

ಬಹಳ ಚೆನ್ನಾಗಿ ನೋಡಿದ್ದೀರಿ. ಲಾಳದ ಆಕಾರ ಅಂತ ಬರೆದದ್ದು ಓದಿ ಸಂತೋಷ ಆಯ್ತು.

ಒಂದನೇದು ಡಿಪ್ಲೇಜಿಯಂ ಎಸ್ಕುಲೆಂಟಂ. ಇದೇ ನಿಮ್ಮ ಅಜ್ಜಿಯ ತೆರ್ಮೆ. ಡಿಪ್ಲೇಜಿಯಂ ಅನ್ನೋ ಕುಲವನ್ನ ಸ್ವೀಡನ್ನಿನ ಓಲೋಫ್ ಸ್ವಾರ್ಟ್ಜ್ 1801ರಲ್ಲಿ ಹೆಸರಿಸಿದ. ಗ್ರೀಕ್ ಮೂಲದ ಹೆಸರು, ಜೋಡಿ ಅನ್ನೋ ಅರ್ಥದ್ದು. ನೀವು ನೋಡಿದ ಗೆರೆಗಳಲ್ಲಿ ಕೆಲವು ನರದ ಎರಡೂ ಮಗ್ಗುಲಿಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿರ್ತವೆ. ನಾಳೆ ಎಲೆಯ ನಡುನರದ ಹತ್ತಿರದ ಗೆರೆಗಳನ್ನ ಗಾಜಲ್ಲಿ ನೋಡಿ, ಜೋಡಿ ಕಾಣುತ್ತೆ. ಎಸ್ಕುಲೆಂಟಂ ಅಂದ್ರೆ ತಿನ್ನೋಕೆ ಬರೋದು. ಈ ಜಾತಿಯನ್ನ ಮೊದಲು ವಿವರಿಸಿದ ರೆಟ್ಜಿಯಸ್ 1791ರಲ್ಲೇ ಆ ಗುಣನಾಮ ಕೊಟ್ಟಿದ್ದ.

ಈ ಕುಲದಲ್ಲಿ ಸುಮಾರು 350 ಜಾತಿಗಳಿವೆ, ಹೆಚ್ಚಿನವು ಉಷ್ಣವಲಯದ ತೇವದ ಕಾಡಿನವು. ನಮ್ಮ ಘಟ್ಟದಲ್ಲೇ ಬೇರೆ ಡಿಪ್ಲೇಜಿಯಂಗಳೂ ಇವೆ, ಅವುಗಳ ಬೆನ್ನಲ್ಲೂ ಗೆರೆಯೇ ಇರುತ್ತೆ. ಹಾಗಾದ್ರೆ ಬೇರ್ಪಡಿಸೋದು ಹೇಗೆ? ಎಲೆಯ ಸೀಳನ್ನ ಬೆಳಕಿಗೆ ಹಿಡೀರಿ. ಎಸ್ಕುಲೆಂಟಂನಲ್ಲಿ ಅಕ್ಕಪಕ್ಕದ ಸೀಳಿನ ಕೆಳಗಿನ ನರಗಳು ಬಂದು ಒಂದಕ್ಕೊಂದು ಕೂಡಿ, ಅಲ್ಲಿಂದ ಒಂದು ಸಣ್ಣ ನರ ಸೀಳಿನ ಸಂದಿ ಕಡೆಗೆ ಹೋಗುತ್ತೆ. ಏಣಿ ಮೆಟ್ಟಿಲಿನ ಹಾಗೆ ಕಾಣುತ್ತೆ. ಕಾಡಿನ ಬೇರೆ ಡಿಪ್ಲೇಜಿಯಂಗಳಲ್ಲಿ ಸಾಮಾನ್ಯವಾಗಿ ನರಗಳು ಕೂಡದೆ ಬಿಡಿಬಿಡಿಯಾಗೇ ಅಂಚಿಗೆ ಹೋಗ್ತವೆ.

ಎರಡನೇದು ಕ್ರಿಸ್ಟೆಲ್ಲಾ. ಜನ ಮೋಸ ಹೋಗೋದು ಇದರಲ್ಲೇ, ಯಾಕಂದ್ರೆ ಅದೇ ಹಳ್ಳ, ಅದೇ ನೆರಳು, ನರ ಕೂಡೋದೂ ಹಾಗೇ. ಆದ್ರೆ ಕ್ರಿಸ್ಟೆಲ್ಲಾಗೆ ರೋಮ, ತೆರ್ಮೆಗಿಲ್ಲ. ಕ್ರಿಸ್ಟೆಲ್ಲಾಗೆ ಚುಕ್ಕಿ, ತೆರ್ಮೆಗೆ ಗೆರೆ. ಇನ್ನೊಂದು ಮಾತು: ತೆರ್ಮೆಯ ಎಳೇ ಗಿಡದ ಎಲೆ ಒಂದೇ ಸಲ ಸೀಳಿರುತ್ತೆ, ದೊಡ್ಡದಾದ ಮೇಲೆ ಎರಡನೇ ಸೀಳು ಬರೋದು. ಎಳೇ ಗಿಡ ನೋಡಿ ಕ್ರಿಸ್ಟೆಲ್ಲಾ ಅಂದ್ಕೊಂಡು ಕಿತ್ತೆಸೆದವರಿದ್ದಾರೆ.

ಮೂರನೇದು ಡಿಕ್ರಾನಾಪ್ಟೆರಿಸ್. ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ ರಸ್ತೆಗೆ ಕಡಿದ ಬರೆಗಳನ್ನೆಲ್ಲ ಮುಚ್ಚಿರೋದು ಇದೇ. ಬರಿ ಮಣ್ಣಿನ ಮೇಲೆ ಮೊದಲು ಹತ್ತೋದು ಇದು, ಬರೆ ಕುಸಿಯದ ಹಾಗೆ ಹಿಡಿಯುತ್ತೆ. ಮಲಯ ದೇಶದಲ್ಲಿ ಇದರ ತೊಟ್ಟಿನಿಂದ ಬರೆಯೋ ಲೇಖನಿ ಮಾಡ್ತಿದ್ರು. ಅದನ್ನ ತಿನ್ನೋದೂ ಬೇಡ, ಕೀಳೋದೂ ಬೇಡ.


ಲೈನ್‌ಮನೆ ಪಕ್ಕ
ಜೂನ್ 9, ರಾತ್ರಿ 8:50

ನಮ್ಮ ತೋಟ ಬಾಳೆಹೊನ್ನೂರು ಹತ್ತಿರ. ನಾಲ್ಕು ವರ್ಷದಿಂದ ಅಸ್ಸಾಮಿನ ಕುಟುಂಬಗಳು ಕೆಲಸಕ್ಕೆ ಬರ್ತಿದ್ದಾರೆ. ಬಂದ ಮೊದಲ ಮಳೆಗಾಲದಲ್ಲೇ ಒಬ್ಬ ಹೆಂಗಸು ಹಳ್ಳದ ಕಡೆ ಕೈ ತೋರಿಸಿ "ಢೆಕಿಯಾ, ಢೆಕಿಯಾ" ಅಂತ ಓಡಿದ್ದು ಇನ್ನೂ ಕಣ್ಣಲ್ಲಿದೆ. ನಮಗೆ ಮೂರು ತಲೆಮಾರು ಕಾಣದ ಸೊಪ್ಪು ಆಕೆಗೆ ಐವತ್ತು ಅಡಿ ದೂರದಿಂದ ಕಂಡಿತ್ತು. ಆಲೂಗಡ್ಡೆ ಹಾಕಿ ಸಾಸಿವೆ ಎಣ್ಣೆಯಲ್ಲಿ ಬಾಡಿಸಿ ನಮಗೂ ಒಂದು ಬಟ್ಟಲು ಕೊಟ್ಟರು. ಅವರ ಬಿಹು ಹಬ್ಬದಲ್ಲಿ 101 ಥರದ ಸೊಪ್ಪು ತಿನ್ನೋ ಪದ್ಧತಿ ಇದೆಯಂತೆ, ಅದರಲ್ಲಿ ಇದೂ ಒಂದು.


ಬಾಟನಿ ಮೇಷ್ಟ್ರು, ಮೂಡಿಗೆರೆ
ಜೂನ್ 9, ರಾತ್ರಿ 9:15

ಹೌದು, ಅದೇ ಗಿಡ. ನೇಪಾಳದಲ್ಲಿ ನ್ಯೂರೋ, ಹಿಮಾಚಲದಲ್ಲಿ ಲುಂಗ್ಡು, ಮಲೇಷ್ಯಾದಲ್ಲಿ ಪಾಕು, ಫಿಲಿಪ್ಪೀನ್ಸ್‌ನಲ್ಲಿ ಪಾಕೋ. ಏಷ್ಯಾದ ಮಳೆ ಬೀಳೋ ಕಡೆಯಲ್ಲೆಲ್ಲ ಸಂತೆಯಲ್ಲಿ ಕಟ್ಟು ಕಟ್ಟಿ ಮಾರ್ತಾರೆ. ನಮ್ಮಲ್ಲಿ ಕೊಡಗಿನವರು ಬಿಟ್ಟರೆ ಉಳಿದವರು ಮರೆತದ್ದೇ ಹೆಚ್ಚು.


ಹೇಮಾವತಿ ದಂಡೆ
ಜೂನ್ 9, ರಾತ್ರಿ 9:40

ಓದ್ತಾ ಓದ್ತಾ ಅಜ್ಜಿ ಪಕ್ಕದಲ್ಲಿ ಕೂತ ಹಾಗಾಯ್ತು. ಎಲ್ಲರಿಗೂ ಕೃತಜ್ಞತೆ. ಆದ್ರೆ ಕ್ಯಾನ್ಸರ್ ಮಾತಿಗೆ ಇನ್ನೂ ಉತ್ತರ ಸಿಗಲಿಲ್ಲ. ಅಮ್ಮನೂ ಅದನ್ನೇ ಕೇಳ್ತಿದ್ದಾರೆ.


ದನದ ಡಾಕ್ಟ್ರು
ಜೂನ್ 10, ಬೆಳಿಗ್ಗೆ 6:30

ಅದಕ್ಕೆ ನಾನು ಹೇಳ್ತೀನಿ. ಪೇಟೆಯವರು ಹೇಳಿದ ಮಾತು ಹುಟ್ಟಿದ್ದು ಬೇರೆ ಜರಿಯಿಂದ. ಅದರ ಹೆಸರು ಟೆರಿಡಿಯಂ, ಇಂಗ್ಲಿಷಿನಲ್ಲಿ ಬ್ರಾಕೆನ್ ಅಂತಾರೆ. ಅಂಟಾರ್ಕ್ಟಿಕಾ ಬಿಟ್ಟು ಎಲ್ಲ ಖಂಡದಲ್ಲೂ ಬೆಳೆಯೋ ಜರಿ. ಹಳ್ಳದ ಗಿಡ ಅಲ್ಲ ಅದು. ನಮ್ಮಲ್ಲಿ ಎತ್ತರದ ಕಡೆ, ಗಿರಿಶ್ರೇಣಿಯ ಹುಲ್ಲುಗಾವಲಿನ ಅಂಚಲ್ಲಿ, ಬೆಂಕಿ ಬಿದ್ದ ಜಾಗದಲ್ಲಿ, ಬಿಸಿಲಲ್ಲಿ ನಿಲ್ಲುತ್ತೆ. ಬೇರುಕಾಂಡ ನೆಲದ ಆಳದಲ್ಲಿ ಮಾರುಗಟ್ಟಲೆ ಓಡುತ್ತೆ, ಹಾಗಾಗಿ ಮೇಲೆ ಬೆಂಕಿ ಹೋದ್ರೂ ಅದು ಸಾಯಲ್ಲ, ಇನ್ನಷ್ಟು ಜೋರಾಗಿ ಏಳುತ್ತೆ.

ಅದರಲ್ಲಿ ಟಾಕ್ವಿಲೋಸೈಡ್ ಅನ್ನೋ ವಿಷ ಇದೆ. 1983ರಲ್ಲಿ ಅದನ್ನ ಬೇರ್ಪಡಿಸಿದ್ರು. ಆದ್ರೆ ಬ್ರಾಕೆನ್ ತಿನ್ನಿಸಿದ ಇಲಿಗಳಿಗೆ ಗಡ್ಡೆ ಬರುತ್ತೆ ಅನ್ನೋದು 1965ರಲ್ಲೇ ಪ್ರಕಟವಾಗಿತ್ತು. ಎಳೇ ಸುರುಳಿಯಲ್ಲೇ ವಿಷ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1987ರಲ್ಲಿ ಬ್ರಾಕೆನ್ನನ್ನ ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ, 2ಬಿ ಗುಂಪಿಗೆ ಸೇರಿಸಿದೆ. ಜಪಾನಿನಲ್ಲಿ ಅದನ್ನ ಬೂದಿ ನೀರಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ ತಿನ್ನೋ ಪದ್ಧತಿ ಇದೆ. ಅದರಿಂದ ವಿಷ ಬಹಳ ಇಳಿಯುತ್ತೆ. ಆದ್ರೆ ನಮಗೆ ಹಳ್ಳದಲ್ಲಿ ಒಳ್ಳೇ ಸೊಪ್ಪು ಇರೋವಾಗ ಆ ಗೊಡವೆ ಯಾಕೆ ಅನ್ನೋದು ನನ್ನ ಅಭಿಪ್ರಾಯ.

ಗುರುತು: ಬ್ರಾಕೆನ್ ಮೆಳೆಯಾಗಿ ಬರಲ್ಲ, ನೆಲದಿಂದ ಒಂದೊಂದೇ ತೊಟ್ಟು ಬಿಡಿಬಿಡಿಯಾಗಿ ಏಳುತ್ತೆ. ಎಲೆ ಒಟ್ಟಾರೆ ತ್ರಿಕೋನ, ಮೂರು ಭಾಗ. ಬುಡದಲ್ಲಿ ಹೊಟ್ಟಿಲ್ಲ, ಕೂದಲು. ಬೀಜಾಣು ಎಲೆಯ ಅಂಚಿನ ಮಡಿಕೆ ಒಳಗೆ ಅಡಗಿರುತ್ತೆ.


ಬಾಟನಿ ಮೇಷ್ಟ್ರು, ಮೂಡಿಗೆರೆ
ಜೂನ್ 10, ಬೆಳಿಗ್ಗೆ 7:10

ಡಾಕ್ಟ್ರು ಹೇಳಿದ್ದಕ್ಕೆ ಒಂದೇ ಸೇರಿಸ್ತೀನಿ. ಬ್ರಾಕೆನ್ ತೊಟ್ಟಿನ ಬುಡ ಅಡ್ಡ ಕುಯ್ದರೆ ಎರಡು ಪಟ್ಟಿ ಅಲ್ಲ, ಹತ್ತಾರು ತುಂಡು ಚದುರಿದ ಹಾಗೆ ಕಾಣುತ್ತೆ. ಅದರಲ್ಲಿ ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರ ಕಂಡೇ ಅಕ್ವಿಲಿನಂ ಅನ್ನೋ ಹೆಸರು ಬಂತು ಅಂತಾರೆ, ಲ್ಯಾಟಿನ್ನಿನಲ್ಲಿ ಅಕ್ವಿಲ ಅಂದ್ರೆ ಹದ್ದು. ಬ್ಲೇಡ್ ಒಂದಿದ್ರೆ ಸಾಕು, ತೆರ್ಮೆಗೂ ಬ್ರಾಕೆನ್ನಿಗೂ ಗೊಂದಲ ಆಗೋ ಮಾತೇ ಇಲ್ಲ.


ಗಿರಿ ಕೆಳಗಿನ ಊರು
ಜೂನ್ 10, ಬೆಳಿಗ್ಗೆ 8:40

ಡಾಕ್ಟ್ರೇ, ಒಂದು ವಿಷಯ ಕೇಳಬೇಕು. ನಮ್ಮದು ಬಾಬಾಬುಡನ್‌ಗಿರಿ ತಪ್ಪಲು. ಎರಡು ವರ್ಷದ ಹಿಂದೆ ನಮ್ಮ ಮನೆ ಹಸು ಕೆಂಪು ಮೂತ್ರ ಮಾಡೋಕೆ ಶುರು ಮಾಡ್ತು. ನೋಡಿದವರು ಉಣ್ಣೆ ಜ್ವರ ಅಂತ ಸೂಜಿ ಹಾಕಿದ್ರು. ಒಂದು ವಾರ ಸುಮಾರು, ಮತ್ತೆ ಅದೇ. ನಾಲ್ಕು ತಿಂಗಳು ಹೀಗೇ ಎಳೆದು ಎಳೆದು ಹೋಯ್ತು. ಮನೆಯಲ್ಲೇ ಹುಟ್ಟಿ ಬೆಳೆದ ಹಸು, ಏಳು ಕರು ಹಾಕಿತ್ತು. ಬೇಸಿಗೆಯಲ್ಲಿ ಹುಲ್ಲು ಇಲ್ಲದಾಗ ಅದು ಗುಡ್ಡದ ಮೇಲೆ ಜರಿ ಮೇಯ್ತಿದ್ದದ್ದು ನಾನೇ ನೋಡಿದ್ದೆ, ತಡೀಬೇಕು ಅಂತ ಗೊತ್ತಿರಲಿಲ್ಲ. ಇದರಿಂದಲೇ ಆಗಿರಬಹುದಾ?


ದನದ ಡಾಕ್ಟ್ರು
ಜೂನ್ 10, ಮಧ್ಯಾಹ್ನ 1:55

ಓದಿ ಬೇಜಾರಾಯ್ತು. ಗೊತ್ತಿಲ್ಲದೆ ಆದದ್ದಕ್ಕೆ ನಿಮ್ಮನ್ನ ನೀವು ಹಳೀಬೇಡಿ. ಆ ಹಸುವಿಗೆ ಏನಾಗಿತ್ತು ಅಂತ ಈಗ ಇಲ್ಲಿ ಕೂತು ಹೇಳೋಕೆ ನನಗೆ ಆಗಲ್ಲ. ಆದ್ರೆ ಮುಂದೆ ಯಾರ ಕೊಟ್ಟಿಗೆಯಲ್ಲಾದ್ರೂ ಕೆಂಪು ಮೂತ್ರ ಕಂಡ್ರೆ ಮೊದಲು ಇದನ್ನ ಮಾಡಿ.

ಮೂತ್ರವನ್ನ ಗಾಜಿನ ಲೋಟಕ್ಕೆ ಹಿಡಿದು ಎರಡು ಮೂರು ಗಂಟೆ ಅಲುಗಾಡಿಸದೆ ಇಡಿ. ಉಣ್ಣೆ ಜ್ವರ ಆದ್ರೆ ರಕ್ತಕಣ ದೇಹದ ಒಳಗೇ ಒಡೆದು ಬಣ್ಣ ಮೂತ್ರಕ್ಕೆ ಕರಗಿರುತ್ತೆ. ಲೋಟ ಪೂರ್ತಿ ಡಿಕಾಕ್ಷನ್ ಥರ ಒಂದೇ ಬಣ್ಣ ಉಳಿಯುತ್ತೆ, ಕೆಳಗೆ ಏನೂ ಇಳಿಯಲ್ಲ. ಮೂತ್ರಚೀಲದ ಗಡ್ಡೆಯಿಂದ ರಕ್ತ ಸೋರ್ತಿದ್ರೆ ಅದು ಇಡೀ ರಕ್ತ. ಕಣಗಳು ತಳಕ್ಕೆ ಇಳಿದು ಮೇಲೆ ತಿಳಿ ನಿಲ್ಲುತ್ತೆ, ಕೆಲವೊಮ್ಮೆ ಹೆಪ್ಪುಗಟ್ಟಿದ ಚೂರೂ ಬರುತ್ತೆ. ಬ್ರಾಕೆನ್ ವರ್ಷಗಟ್ಟಲೆ ತಿಂದ ದನಗಳಲ್ಲಿ ಎರಡನೇ ಥರದ್ದು. ಉತ್ತರಾಖಂಡ, ಡಾರ್ಜಿಲಿಂಗ್, ನೀಲಗಿರಿ ಕಡೆ ಇದು ಹಳೇ ಕಾಯಿಲೆ. ಎರಡರಲ್ಲಿ ಯಾವುದೇ ಇರಲಿ, ಲೋಟದಲ್ಲಿ ಕಂಡದ್ದನ್ನ ವೈದ್ಯರಿಗೆ ಹೇಳಿ. ಚಿಕಿತ್ಸೆ ಎರಡಕ್ಕೂ ಬೇರೆ ಬೇರೆ.

ಕುದುರೆಗೆ ಇದು ಇನ್ನೊಂದು ದಾರಿಯಲ್ಲಿ ಕಾಡುತ್ತೆ. ಬ್ರಾಕೆನ್ನಿನಲ್ಲಿರೋ ಥಯಾಮಿನೇಸ್ ಬಿ1 ವಿಟಮಿನ್ ಒಡೆದುಹಾಕುತ್ತೆ, ಕುದುರೆ ತೂರಾಡುತ್ತೆ. ದನ ತನ್ನ ಮೊದಲ ಹೊಟ್ಟೆಯಲ್ಲೇ ಬಿ1 ತಯಾರಿಸಿಕೊಳ್ಳೋದ್ರಿಂದ ಆ ತೊಂದರೆ ಅದಕ್ಕೆ ಬರಲ್ಲ.

ಹಾಗೇ, ಮಲೆನಾಡಲ್ಲಿ ಕೊಟ್ಟಿಗೆಗೆ ಸೊಪ್ಪು ಹಾಸೋರು ಬ್ರಾಕೆನ್ ಕೊಯ್ದು ತರಬೇಡಿ. ಒಣಗಿದ್ರೂ ವಿಷ ಪೂರ್ತಿ ಹೋಗಲ್ಲ, ಹಸಿದ ದನ ಹಾಸನ್ನೂ ತಿನ್ನುತ್ತೆ. ಬ್ರಾಕೆನ್ ತಿಂದ ಹಸುವಿನ ಹಾಲಲ್ಲೂ ಆ ವಿಷ ಇಳಿಯುತ್ತೆ ಅನ್ನೋದನ್ನ ಮರೀಬೇಡಿ.


ಆಲೂರು ಇತಿಹಾಸ
ಜೂನ್ 10, ಸಂಜೆ 5:30

ಯುರೋಪಿನಲ್ಲಿ ಇದೇ ಬ್ರಾಕೆನ್ನನ್ನ ಸುಟ್ಟು ಬೂದಿ ಮಾಡಿ ಗಾಜು, ಸೋಪು ಮಾಡೋಕೆ ಬಳಸ್ತಿದ್ರು. ಬೂದಿಯಲ್ಲಿ ಪೊಟ್ಯಾಷ್ ಜಾಸ್ತಿ. ಮನೆ ಮಾಡಿಗೆ ಹೊದಿಸೋದೂ ಇತ್ತು. ವಿಷ ಅಂತ ಗಿಡವನ್ನೇ ಬೈಯೋದು ಬೇಡ, ಅದರ ಜಾಗದಲ್ಲಿ ಅದಕ್ಕೂ ಉಪಯೋಗ ಇದೆ.


ನೆರಳುಮರ
ಜೂನ್ 10, ರಾತ್ರಿ 8:20

ಎಲ್ಲಾ ಚೆನ್ನಾಗಿದೆ. ಆದ್ರೆ ತೋಟ ಮಾಡೋರ ಕಷ್ಟನೂ ಹೇಳ್ಬೇಕು. ಹಳ್ಳದ ಬದಿ ಜರಿ ಬಿಟ್ಟರೆ ಎರಡು ವರ್ಷಕ್ಕೆ ತೋಟದ ಒಳಗೆ ನುಗ್ಗುತ್ತೆ. ಆಳು ಸಿಗಲ್ಲ, ಸಿಕ್ಕರೂ ಕಳೆ ತೆಗೆಯೋಕೆ ಯಾರೂ ಒಪ್ಪಲ್ಲ. ನಾವು ವರ್ಷಕ್ಕೊಂದು ಸಲ ಬದಿಗೂ ಸೇರಿಸಿ ಕಳೆನಾಶಕ ಹೊಡೆಸ್ತೀವಿ. ಬೇರೆ ದಾರಿ ಇದ್ರೆ ಹೇಳಿ, ಕೇಳ್ತೀನಿ.


ಹೇಮಾವತಿ ದಂಡೆ
ಜೂನ್ 10, ರಾತ್ರಿ 9:30

ನೆರಳುಮರ ಅವರೇ, ನಿಮ್ಮ ಕಷ್ಟ ನನ್ನ ಕಷ್ಟವೂ ಹೌದು. ಅದಕ್ಕೇ ಇದನ್ನ ಬರೀತಿದ್ದೀನಿ. ಹಳ್ಳದಲ್ಲಿ ಒಂದೇ ಮೆಳೆ ಉಳಿದಿದೆ ಅಂದೆ ಅಲ್ವಾ, ಅದಕ್ಕೆ ಕಾರಣ ಹೋದ ವರ್ಷ ನಾನು ಕೊಟ್ಟ ಗುತ್ತಿಗೆ. ತೋಟದ ಸಾಲುಗಳಿಗೆ ಮಾತ್ರ ಹೊಡೀರಿ ಅಂದಿದ್ದೆ. ನಾನು ಊರಲ್ಲಿರಲಿಲ್ಲ. ಕ್ಯಾನಿನಲ್ಲಿ ಉಳಿದದ್ದನ್ನ ಹಳ್ಳದ ಎರಡೂ ಬದಿಗೆ ಹೊಡೆದು ಖಾಲಿ ಮಾಡಿ ಹೋಗಿದ್ರು. ಹದಿನೈದು ದಿನ ಬಿಟ್ಟು ಬಂದಾಗ ಬದಿ ಪೂರ್ತಿ ತುಕ್ಕು ಬಣ್ಣ. ಆಗಸ್ಟಿನ ಮಳೆಗೆ ಆ ಬದಿಯಿಂದಲೇ ಒಂದು ಆಳುದ್ದ ಮಣ್ಣು ಜಾರಿ ಹಳ್ಳಕ್ಕೆ ಬಿತ್ತು. ಬೇರು ಸತ್ತ ಮೇಲೆ ಮಣ್ಣನ್ನ ಹಿಡಿಯೋರು ಯಾರು? ಅಜ್ಜಿ ಐವತ್ತು ವರ್ಷ ಕುಡಿ ಮುರಿದರೂ ಮುಗಿಯದ್ದು ಒಂದು ಮಧ್ಯಾಹ್ನಕ್ಕೆ ಮುಗಿಯಿತು. ಹೇಳಿದ್ದು ಸಾಲದು, ನಾನು ನಿಂತು ನೋಡಬೇಕಿತ್ತು.


ಬಿಸಿಲೆ ಕಡೆಯವ
ಜೂನ್ 10, ರಾತ್ರಿ 9:50

ನೆರಳುಮರ, ನಾವು ಮಾಡೋದು ಇಷ್ಟೇ. ಹಳ್ಳದಿಂದ ಎರಡು ಮಾರು ಬಿಟ್ಟು ಹಗ್ಗ ಕಟ್ತೀವಿ. ಹಗ್ಗದ ಆಚೆ ಔಷಧಿ ಕ್ಯಾನ್ ಹೋಗಬಾರದು, ಕತ್ತಿ ಮಾತ್ರ ಹೋಗಬೇಕು. ತೋಟದ ಕಡೆ ಬಂದ ಜರಿಯನ್ನ ವರ್ಷಕ್ಕೆ ಎರಡು ಸಲ ಸವರಿದ್ರೆ ಸಾಕು, ತೆರ್ಮೆಗೆ ನೀರು ಬೇಕು, ಒಣ ಇಳಿಜಾರು ಹತ್ತಿ ಬರಲ್ಲ. ನೀವು ತೋಟದ ಒಳಗೆ ನುಗ್ಗಿತು ಅಂತೀರಲ್ಲ, ಅದು ರೋಮದ ಜರಿ ಇರಬೇಕು. ಮಗುಚಿ ನೋಡಿ.


ನೆರಳುಮರ
ಜೂನ್ 11, ಬೆಳಿಗ್ಗೆ 9:00

ನೋಡಿದೆ. ಚುಕ್ಕಿ, ರೋಮ. ನೀವು ಹೇಳಿದ ಕ್ರಿಸ್ಟೆಲ್ಲಾನೇ. ಹಗ್ಗದ ಉಪಾಯ ಈ ವರ್ಷ ಮಾಡಿ ನೋಡ್ತೀನಿ.


ಬಾಟನಿ ಮೇಷ್ಟ್ರು, ಮೂಡಿಗೆರೆ
ಜೂನ್ 11, ಬೆಳಿಗ್ಗೆ 10:15

ಔಷಧಿ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ, ಇದು ಕಾಫಿ ಸೀಮೆಯವರಿಗೇ ಬೇಕಾದದ್ದು. ಮೇ, ಜೂನ್‌ನಲ್ಲಿ ಅರೇಬಿಕಾಗೆ ಎಲೆ ತುಕ್ಕು ರೋಗಕ್ಕೆ, ಮೆಣಸಿನ ಬಳ್ಳಿಗೆ ಸೊರಗು ರೋಗಕ್ಕೆ ಬೋರ್ಡೋ ದ್ರಾವಣ ಹೊಡೀತೀವಿ. ಅದರಲ್ಲಿರೋ ಮೈಲುತುತ್ತ ಅಂದ್ರೆ ತಾಮ್ರ. ತೆರ್ಮೆ ಏಳೋದೂ ಅದೇ ಹೊತ್ತಿಗೆ. ತೋಟದಿಂದ ತೊಳೆದ ನೀರು, ಗಾಳಿಗೆ ಹಾರಿದ ತುಂತುರು ಎರಡೂ ಹಳ್ಳದ ಬದಿಗೇ ಬರುತ್ತೆ. ಹೊಡೆದ ಮೇಲೆ ಆ ಜಾಗದ ಕುಡಿ ಮುರೀಬೇಡಿ, ಎಲೆಯ ಮೇಲೆ ನೀಲಿ ಕಲೆ ಕಂಡ್ರಂತೂ ಬೇಡವೇ ಬೇಡ. ನಾಲ್ಕೈದು ಜೋರು ಮಳೆ ಕಳೆದು, ಆಮೇಲೆ ಹುಟ್ಟಿದ ಹೊಸ ಕುಡಿ ಮಾತ್ರ ತಗೊಳ್ಳಿ.

ಜರಿಗಳು ನೆಲದಿಂದ ಏನು ಹೀರ್ತವೆ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಹಳೇ ಗಾರೆ ಗೋಡೆ, ಬಾವಿ ಕಟ್ಟೆ, ಸುಣ್ಣದ ಸಂದಿಯಲ್ಲಿ ಉದ್ದುದ್ದ ಎಲೆಯ ಒಂದು ಜರಿ ಬರುತ್ತಲ್ಲ, ಟೆರಿಸ್ ವಿಟ್ಟಾಟಾ. ಅದು ಮಣ್ಣಿನ ಆರ್ಸೆನಿಕ್ ಹೀರಿ ಎಲೆಯಲ್ಲಿ ಶೇಖರಿಸುತ್ತೆ. ಅಮೆರಿಕದ ಫ್ಲಾರಿಡಾದಲ್ಲಿ ಮರಕ್ಕೆ ಔಷಧಿ ಹಚ್ಚಿ ಕೆಟ್ಟುಹೋಗಿದ್ದ ಜಾಗದಲ್ಲಿ ಇದು ಹುಲುಸಾಗಿ ಬೆಳೆದದ್ದು ಕಂಡು 2001ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ರು. ಪ್ರಯೋಗದಲ್ಲಿ ಒಂದು ಕಿಲೋ ಒಣ ಎಲೆಗೆ 20 ಗ್ರಾಮಿಗೂ ಹೆಚ್ಚು ಆರ್ಸೆನಿಕ್ ಸೇರಿತ್ತು. ವಿಷ ಬಿದ್ದ ನೆಲವನ್ನ ತೊಳೆಯೋಕೆ ಆ ಜರಿ ಬೇಕು, ಊಟಕ್ಕಲ್ಲ. ತೆರ್ಮೆಯನ್ನೂ ಪೇಟೆಯ ಚರಂಡಿ ಬದಿಯಿಂದ, ಕಾಫಿ ಪಲ್ಪರ್ ನೀರು ಬಿಡೋ ಜಾಗದಿಂದ ತರಬಾರದು.


ಬೀಜಾಣು ಬೆಳೆಸೋಳು
ಜೂನ್ 11, ಮಧ್ಯಾಹ್ನ 3:30

ಹೇಮಾವತಿ ಅವರೇ, ಉಳಿದ ಆ ಒಂದು ಮೆಳೆಯಿಂದ ಮತ್ತೆ ಹಳ್ಳ ತುಂಬಿಸಬಹುದು. ನಾನು ಚಿಕ್ಕಮಗಳೂರಲ್ಲಿ ಮನೆಯ ಹಿತ್ತಲಲ್ಲೇ ಮಾಡಿದ್ದೀನಿ.

ಬೆನ್ನಿನ ಗೆರೆ ಕಂದು ತಿರುಗಿದ ಎಲೆಯ ಒಂದು ತುಂಡು ತಂದು ಬಿಳಿ ಕಾಗದದ ಮೇಲೆ ಬೆನ್ನು ಕೆಳಗೆ ಮಾಡಿ ಇಡಿ, ಮೇಲೊಂದು ಪುಸ್ತಕ. ಗಾಳಿ ಆಡದ ಒಣ ಜಾಗ. ಮಾರನೇ ದಿನ ಎಲೆ ಎತ್ತಿದ್ರೆ ಕಾಗದದ ಮೇಲೆ ಎಲೆಯ ಗೆರೆಗೆರೆಯೂ ಕಂದು ಪುಡಿಯಲ್ಲಿ ಅಚ್ಚಾಗಿರುತ್ತೆ. ಮೊದಲ ಸಲ ನೋಡಿದಾಗ ನಾನು ಅಲುಗಾಡದೆ ಕೂತಿದ್ದೆ, ಉಸಿರಿಗೆ ಹಾರಿಹೋಗುತ್ತೆ ಅಂತ. ಒಂದು ಹೆಂಚಿನ ಚೂರು ಅಥವಾ ಹಳೇ ಇಟ್ಟಿಗೆ ತಗೊಂಡು ಚೆನ್ನಾಗಿ ಕುದಿಸಿ, ಆರಿಸಿ, ತಟ್ಟೆಯ ನೀರಲ್ಲಿ ಅರ್ಧ ಮುಳುಗೋ ಹಾಗೆ ನಿಲ್ಲಿಸಿ. ಕಾಗದ ಮಡಿಸಿ ಪುಡಿಯನ್ನ ಅದರ ಮೇಲೆ ತಟ್ಟಿ. ಗಾಜಿನ ಡಬ್ಬಿ ಕವುಚಿ ನೆರಳಲ್ಲಿಡಿ.

ಮೂರು ನಾಲ್ಕು ವಾರಕ್ಕೆ ಇಟ್ಟಿಗೆ ಮೇಲೆ ಪಾಚಿಯ ಹಾಗೆ ಹಸಿರು. ಪಾಚಿ ಅಂತ ಒರೆಸಿಬಿಡಬೇಡಿ! ಇನ್ನೂ ಕೆಲವು ವಾರಕ್ಕೆ ಅದು ಹೃದಯದ ಆಕಾರದ ಸಣ್ಣ ಸಣ್ಣ ಬಿಲ್ಲೆ ಆಗುತ್ತೆ, ಬೆರಳುಗುರಿನಷ್ಟೂ ಇಲ್ಲ. ಜರಿಯ ಇನ್ನೊಂದು ತಲೆಮಾರು ಅದು. ಗಂಡು ಕೋಶ, ಹೆಣ್ಣು ಕೋಶ ಹುಟ್ಟೋದು ಅದರ ಹೊಟ್ಟೆಯ ಕಡೆ, ಗಂಡು ಕೋಶ ನೀರಲ್ಲಿ ಈಜಿ ಹೋಗಿಯೇ ಸೇರಬೇಕು. ಹಾಗಾಗಿ ಈ ಹಂತದಲ್ಲಿ ಮೇಲಿಂದ ತುಂತುರು ನೀರು ಹಾಕ್ತಾ ಇರಬೇಕು. ಆಮೇಲೆ ಬಿಲ್ಲೆಯ ಸೀಳಿನಿಂದ ಮೊದಲ ಪುಟ್ಟ ಎಲೆ ಎದ್ದು ಬರುತ್ತೆ.

ಬೇಗ ಆಗಬೇಕು ಅಂದ್ರೆ ಮೆಳೆಯ ಪಕ್ಕದಲ್ಲಿ ಎದ್ದ ಮರಿಗಿಡ ಬೇರು ಸಮೇತ ಬಿಡಿಸಿ, ಈ ಮಳೆಯಲ್ಲೇ ಮಣ್ಣು ಜಾರಿದ ಜಾಗದ ಕೆಳಗೆ ನೆಡಿ.


ಕೊಪ್ಪದ ಅಡುಗೆಮನೆ
ಜೂನ್ 11, ಸಂಜೆ 7:00

ಅಡುಗೆ ಯಾರೂ ಬರೀಲಿಲ್ಲ, ನಾನು ಬರೀತೀನಿ. ಸುರುಳಿ ಬಿಚ್ಚೋ ಮೊದಲು, ಗೇಣುದ್ದದ ಕುಡಿ. ಮೇಲಿನ ಕಂದು ಹೊಟ್ಟನ್ನ ನೀರಲ್ಲಿ ಉಜ್ಜಿ ತೆಗೀಬೇಕು. ಬೆರಳ ಗಿಣ್ಣಿನಷ್ಟು ಮುರಿದು, ಕುದಿಯೋ ಉಪ್ಪು ನೀರಲ್ಲಿ ಹತ್ತು ನಿಮಿಷ ಬೇಯಿಸಿ ಆ ನೀರು ಚೆಲ್ಲಿ. ಹಸಿಯಾಗಿ ತಿನ್ನೋದು ಬೇಡ. ಎಣ್ಣೆಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಸೂಜಿಮೆಣಸು, ಈರುಳ್ಳಿ. ಅದು ಬಾಡಿದ ಮೇಲೆ ಕುಡಿ ಹಾಕಿ ಐದು ನಿಮಿಷ. ಇಳಿಸೋ ಮುಂಚೆ ಕಾಯಿತುರಿ, ನಿಂಬೆಹುಳಿ. ಬೆಂಡೆಕಾಯಿಗಿರೋ ಹಾಗೆ ಸ್ವಲ್ಪ ಲೋಳೆ ಇರುತ್ತೆ, ಹುಳಿ ಬಿದ್ದ ಮೇಲೆ ಹೋಗುತ್ತೆ. ಅಕ್ಕಿ ರೊಟ್ಟಿ ಬಿಸಿ ಇರಬೇಕು.

ಕಾಯಿಲೆಯಿಂದ ಎದ್ದವರಿಗೆ ಮೊದಲ ಸಲ ಎರಡು ಚಮಚ ಕೊಟ್ಟು ನೋಡಿ, ಒಗ್ಗಿದ್ರೆ ಮುಂದೆ. ಔಷಧಿ ಮಾತ್ರೆ ನಡೀತಿದ್ರೆ ಅವರ ಡಾಕ್ಟ್ರನ್ನ ಒಂದು ಮಾತು ಕೇಳಿ.


ಹೇಮಾವತಿ ದಂಡೆ
ಜೂನ್ 21, ರಾತ್ರಿ 8:45

ಹತ್ತು ದಿನ ಆಯ್ತು, ಬರೆಯೋದು ತಡ ಆಯ್ತು. ನಮ್ಮ ಕಡೆ ಈ ವರ್ಷ ಬೋರ್ಡೋ ಮೇ ಮೊದಲ ವಾರಕ್ಕೇ ಮುಗಿದಿತ್ತು, ಆಮೇಲೆ ಮಳೆ ಬೇಕಾದಷ್ಟು ಬಿದ್ದಿದೆ. ಅಮ್ಮನ ಡಾಕ್ಟ್ರೂ ಬೇಯಿಸಿದ್ದು ಸ್ವಲ್ಪ ಕೊಡಿ ಅಂದ್ರು.

ಮೆಳೆಯಲ್ಲಿ ಎಣಿಸಿದ್ರೆ ಹದಿನೇಳು ಕುಡಿ. ಆರು ಮುರಿದೆ, ಹನ್ನೊಂದು ಬಿಟ್ಟೆ. ಆರು ಕುಡಿಗೆ ಆದದ್ದು ಒಂದು ಸಣ್ಣ ಬಟ್ಟಲು. ಅಮ್ಮ ಮೊದಲ ತುತ್ತು ಬಾಯಿಗಿಟ್ಟು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ನಿಮ್ಮಜ್ಜಿ ಇದಕ್ಕೆ ಕಂಚಿ ಹುಳಿ ಹಿಂಡ್ತಿದ್ರು, ನಿಂಬೆ ಅಲ್ಲ" ಅಂದ್ರು. ಒಂದೂವರೆ ರೊಟ್ಟಿ ತಿಂದ್ರು.

ಮೇಷ್ಟ್ರೇ, ಜೋಡಿ ಗೆರೆ ಕಂಡಿತು. ತಮ್ಮನ ಮಗಳಿಗೂ ತೋರಿಸಿದೆ. ಅವಳು ಈಗ ಮನೆ ಸುತ್ತಲಿನ ಜರಿಗಳನ್ನೆಲ್ಲ ಮಗುಚಿಕೊಂಡು ಓಡಾಡ್ತಿದ್ದಾಳೆ.

ಮೂರು ಮರಿಗಿಡ ಬಿಡಿಸಿ ಮಣ್ಣು ಜಾರಿದ ಕಡೆ ನೆಟ್ಟಿದ್ದೀನಿ. ಎರಡು ಹಿಡಿದಿವೆ, ಒಂದು ಇನ್ನೂ ಗೊತ್ತಿಲ್ಲ. ಹಗ್ಗ ಕಟ್ಟಿಯಾಯ್ತು. ಅಡುಗೆಮನೆ ಕಿಟಕಿಯಲ್ಲಿ ಇಟ್ಟಿಗೆ ಇದೆ, ಮೇಲೆ ಹಾರ್ಲಿಕ್ಸ್ ಬಾಟ್ಲಿ ಕವುಚಿದ್ದೀನಿ. ಇನ್ನೂ ಏನೂ ಕಾಣ್ತಿಲ್ಲ.


ಬೀಜಾಣು ಬೆಳೆಸೋಳು
ಜೂನ್ 21, ರಾತ್ರಿ 9:20

ಬಿಸಿಲು ನೇರ ಬೀಳೋ ಕಿಟಕಿ ಆದ್ರೆ ಒಳಗೆ ಸರಿಸಿ. ಜುಲೈ ಹತ್ತರ ಹೊತ್ತಿಗೆ ನೋಡಿ.